ಅಳತೆಗೋಲು ಸರಿಯಿದೆ, ಗಡಿಯಾರ?

“ನಾಳೆ ಹೇಗೂ ರಜೆ, ಎರಡು ತಾಸು ಬಂದು ಹೋಗು.” ಹೈದರಾಬಾದಿನ ಸುಲ್ತಾನ್ ಬಜಾರಿನ ಅಂಗಡಿಗಳಲ್ಲಿ ದುಡಿಯುವ ಅನೇಕರಿಗೆ ಈ ಮಾತು ಹೊಸದಲ್ಲ. ಎರಡು ತಾಸು ಎಂದದ್ದು ಮಧ್ಯಾಹ್ನವನ್ನು ದಾಟುತ್ತದೆ. ಹೊಸದಾಗಿ ಬಂದ ಗಂಟುಗಳನ್ನು ಬಿಚ್ಚಬೇಕು, ಸೀರೆಗಳಿಗೆ ಬೆಲೆಯ ಚೀಟಿ ಅಂಟಿಸಬೇಕು. ಮಾರ್ಚ್ ತಿಂಗಳಾದರೆ ಸರಕಿನ ಎಣಿಕೆ, ದೀಪಾವಳಿಯ ಮುನ್ನಾದಿನಗಳಾದರೆ ಕಪಾಟುಗಳ ಧೂಳು. ಎಲ್ಲ ಮುಗಿದ ಮೇಲೆ ಧಣಿಯ ಮನೆಗೆ ಒಂದು ಚೀಲ ತಲುಪಿಸಿ ತನ್ನ ಮನೆಗೆ ಹೋಗಬಹುದು. ಕೂಲಿಯೆಂದರೆ ಒಂದು ಲೋಟ ಚಹಾ. ಈ ಪೇಟೆಯ ಒಡೆಯರಲ್ಲಿ ನಾನಾ ಮತದವರಿದ್ದಾರೆ, ಜೈನರೂ ಇದ್ದಾರೆ. ಉಳಿದವರ ವಿಚಾರವನ್ನು ಅವರವರ ಸಮಾಜ ನೋಡಿಕೊಳ್ಳಲಿ. ನಾನು ನಮ್ಮವರ ಮಾತನ್ನಷ್ಟೇ ಆಡುತ್ತೇನೆ.

ಸುಲ್ತಾನ್ ಬಜಾರಿನ ಹಳೆಯ ಹೆಸರು ರೆಸಿಡೆನ್ಸಿ ಬಜಾರ್. ಬ್ರಿಟಿಷ್ ರೆಸಿಡೆಂಟನ ಅಧಿಕಾರಕ್ಕೆ ಒಳಪಟ್ಟಿದ್ದ ಈ ಪೇಟೆ 1933ರಲ್ಲಿ ನಿಜಾಮರಿಗೆ ಮರಳಿತು. ಅದಕ್ಕೂ ಮೊದಲು, ಸಂಸ್ಥಾನದ ಬಿಗಿ ಇಲ್ಲಿ ತುಸು ಸಡಿಲವಾಗಿದ್ದ ಕಾಲದಲ್ಲಿ, 1892ರ ಆರ್ಯ ಸಮಾಜವೂ 1901ರ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೂ ಈ ಸುತ್ತಿನಲ್ಲೇ ಬೇರೂರಿದವು. ಸುಧಾರಣೆಯ ಮಾತು ಈ ಬೀದಿಗಳಿಗೆ ಅಪರಿಚಿತವಲ್ಲ. ಸಮೀಪದ ಕೋಠಿಯಲ್ಲಿರುವ ರೆಸಿಡೆನ್ಸಿಯ ಭವ್ಯ ಕಟ್ಟಡ ಈಗ ಮಹಿಳಾ ವಿಶ್ವವಿದ್ಯಾಲಯದ ಆವರಣದೊಳಗಿದೆ. ಆ ವಿಶ್ವವಿದ್ಯಾಲಯಕ್ಕೆ 2024ರಲ್ಲಿ ಚಾಕಲಿ ಐಲಮ್ಮನ ಹೆಸರನ್ನಿಟ್ಟರು.

ಐಲಮ್ಮ ಯಾರೆಂದು ಕನ್ನಡ ಓದುಗರಿಗೆ ಹೇಳುವುದು ಅವಶ್ಯ. ಪಾಲಕುರ್ತಿಯ ಅಗಸರ ಹೆಣ್ಣುಮಗಳು. 1940ರ ದಶಕದಲ್ಲಿ ವಿಸ್ನೂರಿನ ದೇಶಮುಖನಿಗೆ ತನ್ನ ಹೊಲವನ್ನೂ ಬೆಳೆಯನ್ನೂ ಬಿಟ್ಟುಕೊಡದೆ ನಿಂತವಳು. ಅವಳ ಕಾಲದ ತೆಲಂಗಾಣದಲ್ಲಿ ವೆಟ್ಟಿ ಚಾಕಿರಿ ಎಂಬುದು ಊರಿನ ನಿತ್ಯವ್ಯವಹಾರವಾಗಿತ್ತು. ಅಗಸ ಬಟ್ಟೆ ಒಗೆಯಬೇಕು, ಕುಂಬಾರ ಮಡಕೆ ಕೊಡಬೇಕು, ಮಾದಿಗ ಹೊರೆ ಹೊರಬೇಕು. ದೊರೆಗಳಿಗೂ ಅಧಿಕಾರಿಗಳಿಗೂ ಇವೆಲ್ಲ ಪುಕ್ಕಟೆ. ತೆಲುಗಿನ ವೆಟ್ಟಿ, ನಮ್ಮ ಬಿಟ್ಟಿ, ಎರಡೂ ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಮಾತುಗಳು. ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಅಂಗಡಿಯ ರಜಾದಿನದ ಎರಡು ತಾಸನ್ನು ದೇಶಮುಖನ ಗಡಿಯೊಳಗಿನ ವೆಟ್ಟಿಗೆ ಸಮವೆಂದು ನಾನು ಹೇಳಲಾರೆ. ಆ ಕ್ರೌರ್ಯವೇ ಬೇರೆ. ಆದರೆ ಎರಡರ ನಡುವೆ ಒಂದು ಎಳೆ ಉಂಟು: ‘ಬರಲಾರೆ’ ಎನ್ನುವ ಶಕ್ತಿ ಕರೆಸಿಕೊಂಡವನಿಗೆ ಇಲ್ಲ.

“ನಾವೇನು ಬಲವಂತ ಮಾಡಿದೆವೆ? ಅವನೇ ಬಂದ” ಎಂದು ಒಡೆಯರು ಕೇಳುತ್ತಾರೆ. ಮಗಳ ಮದುವೆಗೆ ಧಣಿಯಿಂದ ಮುಂಗಡ ಪಡೆದವನು, ನೇಮಕದ ಪತ್ರವೇ ಇಲ್ಲದವನು, ಬೇಡವೆಂದರೆ ನಾಳೆ ಬೇರೊಬ್ಬ ಸಿಗುತ್ತಾನೆಂದು ಬಲ್ಲವನು ಬಾರದೆ ಏನು ಮಾಡಿಯಾನು? ದೆಹಲಿಯ ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲೇ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಬಲವಂತವೆಂದರೆ ದೊಣ್ಣೆಯ ಬಲವಂತ ಮಾತ್ರವಲ್ಲ. ಬಡತನ, ಹಸಿವುಗಳ ಒತ್ತಡವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ತೆಲಂಗಾಣದಲ್ಲಿ ಜಾರಿಯಲ್ಲಿರುವ 1988ರ ಅಂಗಡಿಗಳ ಕಾಯಿದೆಯಾಗಲಿ, ಕರ್ನಾಟಕದ 1961ರ ಕಾಯಿದೆಯಾಗಲಿ ವಾರಕ್ಕೊಂದು ರಜೆಯನ್ನೂ, ಅವಧಿ ಮೀರಿದ ದುಡಿಮೆಗೆ ಎರಡರಷ್ಟು ಕೂಲಿಯನ್ನೂ ಸ್ಪಷ್ಟವಾಗಿ ವಿಧಿಸಿವೆ. ಆದರೆ ಸರ್ಕಾರಗಳ ಒಲವು ಯಾವ ಕಡೆಗೆಂಬುದನ್ನೂ ಗಮನಿಸಬೇಕು. ತೆಲಂಗಾಣ ಸರ್ಕಾರ 2025ರ ಜುಲೈನಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ದಿನಕ್ಕೆ ಹತ್ತು ತಾಸಿನ ದುಡಿಮೆಗೆ ಅನುಮತಿ ಕೊಟ್ಟಿತು. ವಾರದ 48 ತಾಸಿನ ಮಿತಿಯನ್ನು ಉಳಿಸಿ, ಅಂಗಡಿಗಳನ್ನು ಹೊರಗಿಟ್ಟು. ಕೇರಳದ ಬಟ್ಟೆಯಂಗಡಿಗಳ ಹೆಣ್ಣುಮಕ್ಕಳು ದುಡಿಮೆಯ ವೇಳೆ ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲಷ್ಟೇ, 2018ರಲ್ಲಿ ಅಲ್ಲಿನ ಕಾಯಿದೆಗೆ ತಿದ್ದುಪಡಿಯಾಯಿತು. ಕುಳಿತುಕೊಳ್ಳಲಿಕ್ಕೂ ಕಾನೂನು ಬೇಕಾದ ನಾಡು ನಮ್ಮದು.

ಕಾಯಿದೆಯ ಮಾತು ಅಷ್ಟಿರಲಿ. ಶ್ರಾವಕನಿಗೆ ಅದಕ್ಕಿಂತ ಹಳೆಯ ಕಟ್ಟಳೆಗಳಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ದಶಲಕ್ಷಣ ಪರ್ವದಲ್ಲಿ ನಾವೆಲ್ಲ ಭಕ್ತಿಯಿಂದ ಕೇಳುತ್ತೇವೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು. ಎತ್ತಿನ ಬೆನ್ನಿಗೆ ಶಕ್ತಿ ಮೀರಿ ಹೇರು ಹಾಕಬಾರದೆಂದು ಪಂಡಿತರು ವಿವರಿಸುತ್ತಾರೆ, ನಾವು ತಲೆದೂಗುತ್ತೇವೆ. ಆರು ದಿನ ನಿಂತು ಸವೆದ ಕಾಲುಗಳ ಮೇಲೆ ಏಳನೆಯ ದಿನವನ್ನೂ ಹೇರಿದಾಗ ಆ ಪದ ಏಕೆ ನೆನಪಾಗುವುದಿಲ್ಲ? ಅಚೌರ್ಯದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸ ಬರುತ್ತದೆ. ಜೈನ ವರ್ತಕನ ಅಳತೆಗೋಲು ಸುಳ್ಳಾಡದೆಂಬ ಹೆಸರು ನಮ್ಮ ಹಿರಿಯರು ಗಳಿಸಿಟ್ಟ ಆಸ್ತಿ. ಗಿರಾಕಿಗೆ ಒಂದು ಅಂಗುಲ ಕಡಿಮೆಯಾದರೆ ಪಾಪವೆನ್ನುವ ಅಂಗಡಿಯಲ್ಲಿ ಆಳಿನ ನಾಲ್ಕು ತಾಸು ಲೆಕ್ಕಕ್ಕೇ ಬಾರದಿದ್ದರೆ ಅದು ಯಾವ ಅಳತೆ? ಅದೇ ಪಟ್ಟಿಯಲ್ಲಿರುವ ವಿರುದ್ಧರಾಜ್ಯಾತಿಕ್ರಮಕ್ಕೆ ರಾಜ್ಯದ ನಿಯಮ ಮೀರುವುದೆಂಬ ಅರ್ಥವನ್ನು ಹೇಳಿ, ತೆರಿಗೆ ತಪ್ಪಿಸಬೇಡಿರೆಂದು ಪ್ರವಚನಕಾರರು ಬೋಧಿಸುತ್ತಾರೆ. ಕೂಲಿಯ ಕಾಯಿದೆಯೂ ರಾಜ್ಯದ ನಿಯಮವೇ ಅಲ್ಲವೆ?

“ಅವರು ನಮ್ಮ ಮನೆಯವರಿದ್ದಂತೆ” ಎಂಬುದು ಇನ್ನೊಂದು ಸಮಾಧಾನ. ಮನೆಯವರಿಗೆ ಲಾಭದಲ್ಲಿ ಪಾಲಿರುತ್ತದೆ. “ವ್ಯಾಪಾರ ಈಗ ಮೊದಲಿನಂತಿಲ್ಲ, ಮೆಟ್ರೋ ಕಾಮಗಾರಿಯ ವರ್ಷಗಳಲ್ಲಿ ನಾವು ಪಟ್ಟ ಪಾಡು ನಿಮಗೆ ಗೊತ್ತಿಲ್ಲ” ಎಂಬ ಮಾತಿನಲ್ಲಿ ಸತ್ಯವಿದೆ. ಪೇಟೆಯನ್ನು ಉಳಿಸಿಕೊಳ್ಳಲು ವರ್ತಕರು ವರ್ಷಗಟ್ಟಲೆ ಪ್ರತಿಭಟಿಸಿದರು. 2020ರ ಫೆಬ್ರುವರಿಯಲ್ಲಿ ರೈಲು ಓಡಿಯೇ ಓಡಿತು. ಆದರೂ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 15,000 ರೂಪಾಯಿ ಸಂಬಳ, 26 ದಿನ, ದಿನಕ್ಕೆ 8 ತಾಸು ಎಂದಿಟ್ಟುಕೊಂಡರೆ ತಾಸಿಗೆ ಸುಮಾರು 72 ರೂಪಾಯಿ. ರಜಾದಿನದ ನಾಲ್ಕು ತಾಸಿಗೆ ಎರಡರಷ್ಟು ಕೊಟ್ಟರೂ 577 ರೂಪಾಯಿ. ಪ್ರಥಮ ಕಲಶದ ಸವಾಲಿನಲ್ಲಿ ನಾವು ಒಂದೇ ಉಸಿರಿಗೆ ಏರಿಸುವ ಮೊತ್ತ ಎಷ್ಟು?

ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಅಂಗಡಿ ಇಟ್ಟವರಲ್ಲ, ಕಂಪನಿಗಳಲ್ಲಿ ಸಂಬಳಕ್ಕೆ ದುಡಿಯುವವರು. ಭಾನುವಾರ ಮೇಲಧಿಕಾರಿಯ ಫೋನ್ ಬಂದರೆ ಎಷ್ಟು ಸಿಡುಕುತ್ತೇವೆಂಬುದು ಮನೆಯವರಿಗೆ ಗೊತ್ತು. ಅದೇ ನಾವು ಬಸದಿಯ ಸಮಿತಿಯಲ್ಲಿ ಕುಳಿತಾಗ ಪರ್ವದ ಹತ್ತೂ ದಿನ ಅಡುಗೆಯವರನ್ನು, ಗುಡಿಸುವವರನ್ನು, ಕಾವಲಿನವರನ್ನು ನಸುಕಿನಿಂದ ರಾತ್ರಿಯವರೆಗೆ ದುಡಿಸಿ ‘ಸೇವೆ’ ಎಂದು ಕರೆಯುತ್ತೇವೆ. ಅವರಲ್ಲಿ ಬಹುಪಾಲು ಜನ ಜೈನರೇ ಅಲ್ಲ. ಯಾರ ಸೇವೆ ಅದು? ಇಂದ್ರರ, ಉಪಾಧ್ಯೆಯರ ಮನೆಗಳಲ್ಲಂತೂ ರಜೆ ಎಂಬ ಪದವೇ ಇಲ್ಲ. ನಿತ್ಯಾಭಿಷೇಕ ತಪ್ಪಬಾರದು, ಸರಿ. ಬದಲಿ ಅರ್ಚಕರ ವ್ಯವಸ್ಥೆ ಮಾಡುವುದು ಯಾರ ಹೊಣೆ?

ಮಹಾವೀರ ನಿರ್ವಾಣದ ದಿನವೇ ನಮ್ಮ ವರ್ತಕರು ಹೊಸ ಖಾತೆಯ ಪುಸ್ತಕ ತೆರೆಯುತ್ತಾರೆ. ಈ ದೀಪಾವಳಿಗೆ ಆ ಪುಸ್ತಕದಲ್ಲಿ ಒಂದು ಪುಟವನ್ನು ರಜಾದಿನದ ದುಡಿಮೆಗೆಂದು ಮೀಸಲಿಡಲಿ: ಹೆಸರು, ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ಹಣ, ದುಡಿದವರ ಸಹಿ. ಅದಕ್ಕೂ ಮೊದಲೇ ದಶಲಕ್ಷಣ ಪರ್ವ ಬರುತ್ತದೆ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಬಸದಿಯ ಸಮಿತಿಗಳು ಸಭೆ ಸೇರುತ್ತವೆ. ಅಡುಗೆಯವರ ಸರದಿಯನ್ನೂ ಕೂಲಿಯನ್ನೂ ಆ ಸಭೆಯಲ್ಲೇ ಗೊತ್ತುಮಾಡಿ, ನಡವಳಿಯಲ್ಲಿ ಬರೆಸಬಹುದು.