ಕಾಡಿನ ಚಿತ್ರ ತೋರಿಸಿ ತುಪ್ಪ ಮಾರುವಾಗ

ಮಲೆನಾಡಿನ ಜೇನುತುಪ್ಪ ಈಗ ಗ್ರಾಹಕನ ನಾಲಗೆಯನ್ನು ತಲುಪುವ ಮೊದಲು ಅವನ ಮೊಬೈಲಿನ ಪರದೆಯನ್ನು ತಲುಪುತ್ತದೆ. ಮಂಜು ಮುಸುಕಿದ ಬೆಟ್ಟ, ಮರವೇರುತ್ತಿರುವ ಯುವಕ, ಹಿಂಡಿದ ಎರಿಯಿಂದ ಧಾರೆಯಾಗಿ ಇಳಿಯುವ ತುಪ್ಪ, ಹಿನ್ನೆಲೆಯಲ್ಲಿ ಕೊಳಲಿನ ನಾದ. ಅರ್ಧ ನಿಮಿಷದಲ್ಲಿ ಎಲ್ಲ ಮುಗಿದು ಕೊನೆಗೊಂದು ಮೊಬೈಲ್ ಸಂಖ್ಯೆ ಕಾಣಿಸುತ್ತದೆ. ಶಿರಸಿ, ಸುಳ್ಯ, ಮಡಿಕೇರಿ, ಕೊಪ್ಪ, ಎಲ್ಲಿಂದ ಬಂದರೂ ಚಿತ್ರದ ಸ್ವರೂಪ ಬಹುಮಟ್ಟಿಗೆ ಒಂದೇ. ಇಂತಹ ಚಿತ್ರಗಳು ವ್ಯಾಪಾರಕ್ಕೆ ನೆರವಾಗುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಅವು ಯಾವ ವ್ಯಾಪಾರಕ್ಕೆ, ಯಾರ ವ್ಯಾಪಾರಕ್ಕೆ ನೆರವಾಗುತ್ತಿವೆ ಎಂಬುದನ್ನು ಪರಿಶೀಲಿಸುವ ಕಾಲ ಬಂದಿದೆ.

ಪರಿಸರ ಚಳವಳಿಯ ವಲಯದಲ್ಲಿ ಅಂತರ್ಜಾಲದ ಪ್ರಚಾರವೆಂದರೆ ಮೂಗು ಮುರಿಯುವ ಒಂದು ಅಭ್ಯಾಸವಿದೆ. ಅದು ನ್ಯಾಯವಲ್ಲ. ಬೆಟ್ಟದ ಬೆಳೆಗಾರನಿಗೆ ಬೆಲೆ ಕಟ್ಟುವವರು ಯಾವಾಗಲೂ ಘಟ್ಟದ ಕೆಳಗೋ ಬಯಲಿನಲ್ಲೋ ಇದ್ದರು. 2020ರ ಲಾಕ್‌ಡೌನ್‌ನಲ್ಲಿ ಖರೀದಿದಾರರು ಬರುವುದು ನಿಂತಾಗ ಅನಾನಸು, ಹಲಸು, ತರಕಾರಿ ಬೆಳೆದವರು ವಾಟ್ಸ್‌ಆ್ಯಪ್ ಬಳಗಗಳ ಮೂಲಕವೇ ಗ್ರಾಹಕರನ್ನು ಹುಡುಕಿಕೊಂಡರು. ಅಂಗಡಿಯಿಲ್ಲದೆ, ಜಾಹೀರಾತಿಗೆ ಹಣವಿಲ್ಲದೆ, ತನ್ನ ಭಾಷೆಯಲ್ಲೇ ತನ್ನ ಪದಾರ್ಥದ ಬಗ್ಗೆ ಹೇಳಿಕೊಳ್ಳಲು ಸಣ್ಣ ಉತ್ಪಾದಕನಿಗೆ ಹಿಂದೆಂದೂ ಇಷ್ಟು ಅವಕಾಶವಿರಲಿಲ್ಲ. ಕೃಷಿಕನೇ ತನ್ನ ಅನುಭವವನ್ನು ಬರೆಯಬೇಕೆಂಬ ವಿಚಾರವನ್ನು ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದಲೂ ನಡೆಸಿ ತೋರಿಸಿದೆ. ಲೇಖನಿಯ ಜಾಗಕ್ಕೆ ಕ್ಯಾಮೆರಾ ಬಂದಿದೆ ಎಂದುಕೊಂಡರೆ ಅದು ಸ್ವಾಗತಾರ್ಹವೇ.

ಆದರೆ ಲೇಖನಿಗೂ ಈ ಹೊಸ ಮಾಧ್ಯಮಕ್ಕೂ ಒಂದು ವ್ಯತ್ಯಾಸವಿದೆ. ಪತ್ರಿಕೆಗೆ ಬರೆಯುವ ಕೃಷಿಕ ಹೇಳುವುದಿದ್ದಾಗ ಬರೆಯುತ್ತಾನೆ. ಜಾಲತಾಣದ ಪುಟ ಮಾತ್ರ ನಿತ್ಯವೂ ಹೊಸದನ್ನು ಬೇಡುತ್ತದೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಅದರ ಬೆನ್ನಿಗೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದ ಮೇಲೆ ಈ ಬೇಡಿಕೆ ಇನ್ನೂ ತೀವ್ರವಾಯಿತು. ಹತ್ತು ದಿನ ಸುಮ್ಮನಿದ್ದರೆ ಜನ ಮರೆತಾರು ಎಂಬ ಅಂಜಿಕೆ ಮಾರುವವನನ್ನು ಬಿಡುವುದಿಲ್ಲ. ಜನವರಿಯಲ್ಲಿ ತೆಗೆದ ಚಿತ್ರವನ್ನು ಜುಲೈನಲ್ಲಿ ಮತ್ತೆ ಹಾಕಬಹುದು, ಅದು ಹಳಸುವುದಿಲ್ಲ. ತೊಂದರೆಯ ಮೂಲವಿರುವುದು ಇಲ್ಲಿ. ಚಿತ್ರಕ್ಕೆ ಋತುವಿಲ್ಲ, ತುಪ್ಪಕ್ಕೆ ಇದೆ.

ಪಶ್ಚಿಮ ಘಟ್ಟದ ತುಡುವೆ ಜೇನಿನ ವರ್ಷವನ್ನು ಒಮ್ಮೆ ಗಮನಿಸಬೇಕು. ಚಳಿಗಾಲದ ಕೊನೆಯಿಂದ ಮುಂಗಾರಿನ ಮೊದಲ ಮಳೆಯವರೆಗಿನ ನಾಲ್ಕೈದು ತಿಂಗಳು ಸುಗ್ಗಿ. ಅಂಟುವಾಳ, ನೇರಳೆ, ಹೊಂಗೆಗಳು ತಮ್ಮ ತಮ್ಮ ಸರದಿಯಲ್ಲಿ ಹೂ ಬಿಡುತ್ತವೆ. ಕಾಫಿಯ ಸೀಮೆಯಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮತ್ತೆ ಕೆಲವೇ ದಿನಗಳಲ್ಲಿ ಹೂ ಕಂದುತ್ತದೆ. ಮಳೆ ಹಿಡಿದ ಮೇಲೆ ಹೂವೂ ಇಲ್ಲ, ಹಾರಾಟಕ್ಕೆ ಬಿಡುವೂ ಇಲ್ಲ. ಕುಟುಂಬಗಳು ಕೂಡಿಟ್ಟದ್ದನ್ನು ತಿಂದು ಬದುಕುತ್ತವೆ, ಸಾಲದಿದ್ದರೆ ಸಾಕಣೆದಾರ ಸಕ್ಕರೆ ಪಾಕ ಕೊಟ್ಟು ಉಳಿಸಿಕೊಳ್ಳುತ್ತಾನೆ. ಹೆಜ್ಜೇನು ಘಟ್ಟವನ್ನೇ ಬಿಟ್ಟು ಬಯಲಿಗೆ ವಲಸೆ ಹೋಗುತ್ತದೆ. ಇಷ್ಟೆಲ್ಲ ಆದ ಮೇಲೆ ಒಂದು ತುಡುವೆ ಪೆಟ್ಟಿಗೆಯಿಂದ ವರ್ಷಕ್ಕೆ ಸಿಗುವ ತುಪ್ಪ ಸಾಮಾನ್ಯವಾಗಿ ಕೆಲವೇ ಕಿಲೋ. ಐವತ್ತು ಪೆಟ್ಟಿಗೆ ಇಟ್ಟವನ ಇಡೀ ವರ್ಷದ ತುಪ್ಪವನ್ನು ಜನಪ್ರಿಯವಾದ ಒಂದೇ ಚಿತ್ರ ಒಂದು ವಾರದಲ್ಲಿ ಖಾಲಿ ಮಾಡಿಬಿಡಬಲ್ಲದು.

ಖಾಲಿಯಾದ ಮೇಲೆ ಏನಾಗಬೇಕು? ‘ಈ ವರ್ಷದ ತುಪ್ಪ ಮುಗಿಯಿತು’ ಎಂದು ಬರೆದು ಸುಮ್ಮನಾಗಬೇಕು. ಹಾಗೆ ಮಾಡುವವರು ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಆಗಸ್ಟ್‌ನಲ್ಲೂ ಬೇಡಿಕೆ ಬರುತ್ತಲೇ ಇದ್ದಾಗ, ದೂರದ ಸಗಟು ವ್ಯಾಪಾರಿಯಿಂದ ಡಬ್ಬಗಟ್ಟಲೆ ತುಪ್ಪ ತರಿಸುವುದು ಸುಲಭದ ದಾರಿ. ಅದು ಉತ್ತರ ಭಾರತದ ಸಾಸಿವೆ ಹೊಲಗಳಲ್ಲಿ ಯೂರೋಪಿನ ಮೆಲ್ಲಿಫೆರಾ ಜೇನು ಕೂಡಿಸಿದ ತುಪ್ಪವಾಗಿರಬಹುದು. ಅದೂ ಶುದ್ಧ ತುಪ್ಪವೇ ಆಗಿರಬಹುದು. ಆದರೆ ಅದು ಚಿತ್ರದಲ್ಲಿ ಕಂಡ ಬೆಟ್ಟದ್ದಲ್ಲ. ಇನ್ನೂ ಕೆಳಗಿನ ಮೆಟ್ಟಿಲೂ ಇದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) 13 ಬ್ರಾಂಡುಗಳ ಜೇನುತುಪ್ಪವನ್ನು ಪರೀಕ್ಷೆಗೆ ಒಳಪಡಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು 3 ಮಾತ್ರ. ದೊಡ್ಡ ಕಂಪನಿಗಳು ಆ ವರದಿಯನ್ನು ಒಪ್ಪಲಿಲ್ಲ. ಆದರೂ ಮಾಮೂಲಿ ಪರೀಕ್ಷೆಗಳ ಕಣ್ಣು ತಪ್ಪಿಸುವಂತೆ ತಯಾರಿಸಿದ ಸಕ್ಕರೆ ಪಾಕಗಳು ಮಾರುಕಟ್ಟೆಯಲ್ಲಿವೆ ಎಂಬ ಸಂಗತಿ ಅಂದು ಜನಸಾಮಾನ್ಯರಿಗೂ ತಿಳಿಯಿತು. ಆ ಭಯದಿಂದಲೇ ಅನೇಕ ನಗರವಾಸಿಗಳು ಕಂಪನಿಯ ಬಾಟಲಿ ಬಿಟ್ಟು ‘ಕಾಡಿನ ತುಪ್ಪ’ವನ್ನು ಅಂತರ್ಜಾಲದಲ್ಲಿ ಹುಡುಕತೊಡಗಿದರು. ನಂಬಿ ಬಂದವರಿಗೆ ಇಲ್ಲಿಯೂ ಮೋಸವಾದರೆ ನಷ್ಟ ಮೋಸ ಮಾಡಿದವನಿಗಲ್ಲ, ಪ್ರಾಮಾಣಿಕವಾಗಿ ಪೆಟ್ಟಿಗೆ ಇಟ್ಟ ನೆರೆಯವನಿಗೆ.

ಮೋಸದ ಉದ್ದೇಶವಿಲ್ಲದೆಯೂ ಚಿತ್ರ ಸುಳ್ಳು ಹೇಳಬಲ್ಲದು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ಕಡೆ ದೊರೆಯುವ ತುಪ್ಪದಲ್ಲಿ ಗಣನೀಯ ಪಾಲು ರಬ್ಬರ್ ತೋಟದ್ದು. ರಬ್ಬರ್ ಮರ ಎಲೆ ಉದುರಿಸಿ ಹೊಸದಾಗಿ ಚಿಗುರಿದಾಗ, ಎಳೆ ಎಲೆಯ ತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಸಿಹಿರಸ ಒಸರುತ್ತದೆ. ಜೇನ್ನೊಣಗಳು ಅದನ್ನು ಸಂಗ್ರಹಿಸುತ್ತವೆ. ಅಲ್ಲಿ ಹೂವಿನ ಮಾತೇ ಇಲ್ಲ! ಆ ತುಪ್ಪ ಬೇಗ ಹರಳುಗಟ್ಟುತ್ತದೆ. ಅದರಲ್ಲಿ ದೋಷವೇನೂ ಇಲ್ಲ, ಸಾವಿರಾರು ಸಾಕಣೆದಾರರ ಜೀವನಾಧಾರ ಅದು. ಆದರೆ ಬಾಟಲಿಯ ಚೀಟಿಯ ಮೇಲೆ ಕಾಡುಹೂಗಳ ಚಿತ್ರವಿದ್ದು, ಒಂದೆರಡು ತಿಂಗಳಲ್ಲಿ ತುಪ್ಪ ಗಟ್ಟಿಯಾದಾಗ ಗ್ರಾಹಕ ‘ಸಕ್ಕರೆ ಬೆರೆಸಿದ್ದಾರೆ’ ಎಂದು ದೂರುತ್ತಾನೆ. ರಬ್ಬರಿನ ಕತೆಯನ್ನೇ ಹೇಳಿದ್ದರೆ ಅದು ಎಂತಹ ಸ್ವಾರಸ್ಯದ ಚಿತ್ರವಾಗುತ್ತಿತ್ತು! ಎಲೆಯ ತೊಟ್ಟಿನಿಂದ ತುಪ್ಪ ಬರುತ್ತದೆ ಎಂಬುದನ್ನು ನೋಡಿ ಬೆರಗಾಗದ ಪಟ್ಟಣಿಗ ಯಾರಿದ್ದಾರೆ? ಸೃಜನಶೀಲತೆ ಎಂಬ ಪದವನ್ನು ಪ್ರಚಾರದವರು ಬಹಳ ಬಳಸುತ್ತಾರೆ. ಅದಕ್ಕೆ ಬೇಕಾದ ಸಾಮಗ್ರಿ ತೋಟದಲ್ಲೇ ಇರುವಾಗ ಎಲ್ಲರೂ ಅದೇ ಮಂಜು, ಅದೇ ಕೊಳಲನ್ನು ಎರವಲು ತರುವುದೇಕೋ ತಿಳಿಯದು.

ಎರಿಯನ್ನು ಕೈಯಲ್ಲಿ ಹಿಂಡುವ ಆ ಪ್ರಸಿದ್ಧ ದೃಶ್ಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಹೆಜ್ಜೇನು ಕಟ್ಟುವುದು ಒಂದೇ ದೊಡ್ಡ ಎರಿ. ಅದರಲ್ಲಿ ತುಪ್ಪವಿರುವ ದಪ್ಪನೆಯ ಭಾಗ ಮೇಲ್ತುದಿಯಲ್ಲಿರುತ್ತದೆ, ಮೊಟ್ಟೆ ಮರಿಗಳ ಭಾಗ ಅದರ ಕೆಳಗೆ. ತಿಳಿದವರು ತುಪ್ಪದ ಭಾಗವನ್ನಷ್ಟೇ ಕೊಯ್ದು ಮರಿಗಳನ್ನು ಉಳಿಸುತ್ತಾರೆ. ಇಡೀ ಎರಿಯನ್ನು ಕಿತ್ತು ಹಿಂಡಿದರೆ ಮರಿಗಳ ರಸವೂ ಪರಾಗವೂ ತುಪ್ಪಕ್ಕೆ ಸೇರುತ್ತವೆ. ಅಂತಹ ತುಪ್ಪ ಬೇಗ ಹುಳಿಯುತ್ತದೆ, ಆ ಕುಟುಂಬದ ಒಂದು ತಲೆಮಾರೇ ನಾಶವಾಗುತ್ತದೆ. ಬೆಂಕಿ ಹಚ್ಚಿ ನೊಣಗಳನ್ನು ಉದುರಿಸಿದರಂತೂ ಕೇಳುವುದೇ ಬೇಡ. ಪರದೆಯ ಮೇಲೆ ಇದೇ ಅತ್ಯಂತ ರೋಚಕವಾಗಿ ಕಾಣುತ್ತದೆ. ಮರಿಗಳನ್ನು ಉಳಿಸಿ ನಿಧಾನವಾಗಿ ಕೊಯ್ಯುವವನ ಕೆಲಸ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಯಾವುದು ಹೆಚ್ಚು ಜನರನ್ನು ಸೆಳೆಯುತ್ತದೆಯೋ ಅದನ್ನೇ ಮತ್ತಷ್ಟು ಮಂದಿ ಅನುಕರಿಸುತ್ತಾರೆ. ಹೀಗೆ ಕೆಟ್ಟ ಕೊಯ್ಲಿನ ಪದ್ಧತಿಗೆ ಕ್ಯಾಮೆರಾ ತಾನಾಗಿಯೇ ಪ್ರೋತ್ಸಾಹ ಕೊಟ್ಟಂತಾಗುತ್ತದೆ. ಪೆಟ್ಟಿಗೆ ಜೇನಿನಲ್ಲಿಯೂ ಚಿತ್ರಕ್ಕಾಗಿ ಮಳೆಗಾಲದಲ್ಲಿ ಪದೇ ಪದೇ ಮುಚ್ಚಳ ತೆರೆದರೆ ಕುಟುಂಬ ಬೇಸತ್ತು ಪೆಟ್ಟಿಗೆ ಬಿಟ್ಟು ಹಾರಿಹೋದರೂ ಆಶ್ಚರ್ಯವಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿತ್ತು. ಅಂದು ಖಾಲಿಯಾದ ಪೆಟ್ಟಿಗೆಗಳನ್ನು ಮತ್ತೆ ತುಂಬಿಸಿಕೊಳ್ಳಲು ಸಾಕಣೆದಾರರು ಪಟ್ಟ ಪಾಡನ್ನು ಹಿರಿಯರು ಇನ್ನೂ ಮರೆತಿಲ್ಲ.

ಚಿತ್ರದಲ್ಲಿ ಮರವೇರುವವನು ಯಾರು ಎಂಬುದೂ ಕೇಳಬೇಕಾದ ಪ್ರಶ್ನೆ. ಜೇನುಕುರುಬರ, ಸೋಲಿಗರ ಸಾಹಸವನ್ನು ತೋರಿಸಿ ತುಪ್ಪ ಮಾರುವ ಪುಟಗಳಲ್ಲಿ ಅವರ ಪಾಲು ಎಷ್ಟು ಎಂಬ ಮಾಹಿತಿ ಸಾಮಾನ್ಯವಾಗಿ ಇರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಜೇನೂ ಸೇರಿದಂತೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದು ದೊಡ್ಡ ಸುದ್ದಿಯಾಗಿತ್ತು. ಉತ್ಪನ್ನದ ಒಡೆತನ ಅವರದು ಎಂದ ಮೇಲೆ ಅದರ ಕತೆಯ ಒಡೆತನವೂ ಅವರದೇ ಆಗಬೇಕಲ್ಲವೇ? ಅವರ ಮುಖ ಜಾಹೀರಾತಿಗೆ, ಲಾಭ ಬೇರೊಬ್ಬನ ಖಾತೆಗೆ ಎನ್ನುವುದು ಹಳೆಯ ಗುತ್ತಿಗೆ ಪದ್ಧತಿಯ ಮುಂದುವರಿಕೆಯೇ ಸರಿ.

ಕಾನೂನು ಸುಮ್ಮನೆ ಕುಳಿತಿಲ್ಲ. ಹಣವನ್ನೋ ಉಚಿತ ವಸ್ತುವನ್ನೋ ಪಡೆದು ಜಾಲತಾಣದಲ್ಲಿ ಹೊಗಳುವವರು ಆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚಿಸಿತು. ಪರಿಸರಸ್ನೇಹಿ ಎಂಬಂತಹ ಮಾತುಗಳಿಗೆ ಆಧಾರ ಒದಗಿಸಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಸಾವಿರಾರು ಸಣ್ಣ ಪುಟಗಳನ್ನು ದೆಹಲಿಯಿಂದ ಯಾರೂ ಕಾಯಲಾರರು ಎಂಬುದು ಬೇರೆ ಮಾತು. ಇತ್ತ ಆಹಾರ ಸುರಕ್ಷತಾ ಪ್ರಾಧಿಕಾರ ಜೇನುತುಪ್ಪದ ತೇವಾಂಶಕ್ಕೆ ಶೇ. 20ರ ಮಿತಿ ಹಾಕಿದೆ. ತೇವ ತುಂಬಿದ ಮಲೆನಾಡಿನಲ್ಲಿ ತುಡುವೆ ತುಪ್ಪ ಎಷ್ಟೋ ಬಾರಿ ಈ ಗೆರೆಯ ಅಂಚಿನಲ್ಲೇ ಇರುತ್ತದೆ. ಎರಿಯ ಕೋಶಗಳಿಗೆ ನೊಣಗಳು ಮೇಣದ ಮುಚ್ಚಿಗೆ ಹಾಕುವವರೆಗೂ ತಾಳ್ಮೆಯಿಂದ ಕಾಯುವುದೇ ಇದಕ್ಕೆ ಸರಿಯಾದ ಉಪಾಯ. ಬೇಡಿಕೆಯ ಒತ್ತಡದಲ್ಲಿ ಮೊದಲು ಬಲಿಯಾಗುವುದೂ ಆ ತಾಳ್ಮೆಯೇ.

ಹಾಗಾದರೆ ಬೆಟ್ಟದ ಸಣ್ಣ ಉದ್ಯಮ ಅಂತರ್ಜಾಲವನ್ನು ಹೇಗೆ ಬಳಸಬೇಕು? ಮೊದಲನೆಯದಾಗಿ, ದಿನಚರಿಯಂತೆ. ಯಾವ ಮರ ಈ ವಾರ ಹೂ ಬಿಟ್ಟಿತು, ಯಾವುದು ತಡವಾಯಿತು, ಮಳೆ ಎಂದು ಬಂತು ಎಂಬುದನ್ನು ದಿನಾಂಕದೊಡನೆ ತೋರಿಸಿದರೆ ನಿತ್ಯ ಹೊಸದನ್ನು ಬೇಡುವ ಮಾಧ್ಯಮಕ್ಕೆ ಆಹಾರವೂ ಸಿಕ್ಕಿತು, ಗ್ರಾಹಕನಿಗೆ ಋತುವಿನ ಪರಿಚಯವೂ ಆಯಿತು. ಹತ್ತು ವರ್ಷ ಹೀಗೆ ದಾಖಲಿಸಿದ ಪುಟ ಹವಾಮಾನ ಬದಲಾವಣೆಯನ್ನು ಅಭ್ಯಸಿಸುವವರಿಗೂ ಬೆಲೆಬಾಳುವ ಆಕರವಾದೀತು. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡುವುದನ್ನು ಮರೆಮಾಚುವ ಬದಲು, ಅದನ್ನು ಏಕೆ ಕೊಡುತ್ತಾರೆ, ತುಪ್ಪದ ಕಾಲಕ್ಕೆ ಮೊದಲೇ ಏಕೆ ನಿಲ್ಲಿಸುತ್ತಾರೆ ಎಂಬುದನ್ನು ಕ್ಯಾಮೆರಾದ ಮುಂದೆಯೇ ವಿವರಿಸಬಹುದು. ಪ್ರತಿ ಬಾಟಲಿಯ ಮೇಲೆ ತುಪ್ಪ ತೆಗೆದ ತಿಂಗಳು, ಊರು, ಮುಖ್ಯ ಮರ, ಆ ಸಲ ದೊರೆತ ಒಟ್ಟು ಪ್ರಮಾಣ ಇಷ್ಟಿದ್ದರೆ ಸಾಕು. ಎಷ್ಟು ಕಿಲೋ ಸಿಕ್ಕಿತೆಂದು ಬಹಿರಂಗವಾಗಿ ಬರೆದವನು ಅದಕ್ಕಿಂತ ಹೆಚ್ಚು ಮಾರಲಾರ.

ಇದರಲ್ಲಿ ಕಾಡಿನ ಹಿತವೂ ಅಡಗಿದೆ. ‘ಶುದ್ಧ ಕಾಡುಜೇನು’ ಎಂಬ ಹೆಸರಿನಲ್ಲಿ ಮಾರಿದ ತುಪ್ಪ ಯಾವ ಮರವನ್ನೂ ಉಳಿಸುವುದಿಲ್ಲ. ‘ನೇರಳೆ ತುಪ್ಪ, ತುಸು ಕಹಿ’ ಎಂದು ಹೆಸರಿಟ್ಟು ಮಾರಿದಾಗ ತೋಟದ ಅಂಚಿನ ನೇರಳೆ ಮರಕ್ಕೊಂದು ಬೆಲೆ ಬರುತ್ತದೆ. ಕಾಫಿ ತೋಟಗಳಲ್ಲಿ ಹತ್ತಾರು ಜಾತಿಯ ನೆರಳಿನ ಮರಗಳು ಹೋಗಿ ಸಿಲ್ವರ್ ಓಕ್ ಒಂದೇ ತುಂಬಿಕೊಂಡಾಗ ಹೂವಿನ ಕಾಲ ಕುಗ್ಗುತ್ತದೆ, ಉಳಿದ ದಿನಗಳಲ್ಲಿ ಜೇನಿಗೆ ಉಪವಾಸ. ರೊಬಸ್ಟಾ ಕಾಫಿಗೆ ಪರಕೀಯ ಪರಾಗಸ್ಪರ್ಶ ಅನಿವಾರ್ಯ, ಅದರ ಬಹುಪಾಲು ಕೆಲಸ ಗಾಳಿಯದು ಮತ್ತು ಜೇನಿನದು. ಆದ್ದರಿಂದ ಮರ ಉಳಿದರೆ ಕಾಫಿಯ ಫಸಲಿಗೂ ಲಾಭವಿದೆ. ಈ ಸಂಬಂಧವನ್ನು ಒಂದು ತೋಟದ ಒಂದು ಮರದ ಮೂಲಕ ತೋರಿಸುವ ಚಿತ್ರ ಯಾವ ಕೊಳಲಿನ ನಾದಕ್ಕೂ ಕಡಿಮೆಯಲ್ಲ.

ಹೆಜ್ಜೇನಿನ ಗೂಡಿರುವ ಮರದ ನಿಖರ ಸ್ಥಳವನ್ನು ಮಾತ್ರ ಯಾವ ಚಿತ್ರದಲ್ಲಿಯೂ ಹಾಕಬಾರದು. ಒಂದೇ ಮರದಲ್ಲಿ ಹತ್ತಿಪ್ಪತ್ತು ಎರಿ ಕಟ್ಟುವ ಜಾತಿ ಅದು, ಮರುವರ್ಷವೂ ಅದೇ ಮರಕ್ಕೆ ಮರಳುವ ಅಭ್ಯಾಸ ಅದಕ್ಕಿದೆ. ಆ ಸ್ಥಳ ಒಮ್ಮೆ ಜಗಜ್ಜಾಹೀರಾದರೆ ಮರಳಿ ಬರುವ ಹೆಜ್ಜೇನಿಗಿಂತ ಮೊದಲು ಅಲ್ಲಿಗೆ ಬರುವವರು ಬೇರೆಯೇ ಇರುತ್ತಾರೆ. ಹಿಂದಿನ ಚಿತ್ರಗಳಲ್ಲಿ ಸ್ಥಳದ ಗುರುತು ಉಳಿದಿದ್ದರೆ, ಹೆಜ್ಜೇನು ಬಯಲಿನಿಂದ ಹಿಂದಿರುಗುವ ಮುನ್ನವೇ ಅದನ್ನು ಅಳಿಸಿಹಾಕುವುದು ಒಳಿತು.