ರೇಡಿಯೋ ಕೇಳಲು ಮೂರು ಸಾಲು ಸಾಕು



1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರಸಾರ ಯಂತ್ರವಿಟ್ಟು ಬಾನುಲಿ ಕೇಂದ್ರ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ದೇಶದ ರೇಡಿಯೋಗೇ ಆ ಹೆಸರು ಬಂತು. ಪ್ರಸಾರವನ್ನೇ ಮನೆಯಿಂದ ಮಾಡಿದವರಿರುವಾಗ, ಕೇಳುವ ಸಾಧನವನ್ನಾದರೂ ನಾವೇ ಮಾಡಿಕೊಳ್ಳಬಾರದೇ?

"ಆ್ಯಪ್ ಇದೆಯಲ್ಲ, ಈ ತಲೆನೋವು ಯಾಕೆ?" ಎಂದು ನೀವು ಕೇಳಬಹುದು. ವಾರ್ತೆ ಕೇಳಲೆಂದು ಫೋನ್ ಎತ್ತಿಕೊಂಡರೆ, ವಾರ್ತೆ ಮುಗಿಯುವ ಮೊದಲೇ ರೀಲ್ಸ್ ಶುರುವಾಗಿರುತ್ತದೆ. ನಾವು ಕೇಳಿದ್ದು ಧ್ವನಿ ಮಾತ್ರ. ಸಿಗುವುದು ಜಾಹೀರಾತು, ನೋಟಿಫಿಕೇಶನ್, ಇನ್ನೇನೇನೋ.

ಕಪಾಟಿನಲ್ಲಿ ಧೂಳು ಹಿಡಿದಿರುವ ಹಳೆಯ ಲ್ಯಾಪ್‌ಟಾಪನ್ನು ಹೊರತೆಗೆಯಿರಿ. ಅದಕ್ಕೆ ಹಗುರವಾದ ಲಿನಕ್ಸ್ ಹಾಕಿ, 'ಎಂಪಿವಿ' ಎಂಬ ಉಚಿತ ಪ್ಲೇಯರ್ ಸೇರಿಸಿ. ಟರ್ಮಿನಲ್‌ನಲ್ಲಿ ಎಂಪಿವಿ ಎಂದು ಬರೆದು, ಪಕ್ಕದಲ್ಲಿ ಕೇಂದ್ರದ ಸ್ಟ್ರೀಮ್ ವಿಳಾಸ ಕೊಟ್ಟರೆ ರೇಡಿಯೋ ಹಾಡುತ್ತದೆ. ಆ ಉದ್ದದ ವಿಳಾಸವನ್ನು ದಿನಾ ಟೈಪ್ ಮಾಡಬೇಕಿಲ್ಲ. ಒಂದು ಫೈಲಿನಲ್ಲಿ ಬರೆದಿಟ್ಟು, ಅದನ್ನು ಚಲಾಯಿಸುವ ಅನುಮತಿ ಕೊಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. 'ಟೈಮ್‌ಔಟ್' ಆಜ್ಞೆ ಸೇರಿಸಿದರೆ ಅರ್ಧ ಗಂಟೆಗೆ ತಾನೇ ನಿಲ್ಲುತ್ತದೆ. 'ಕ್ರಾನ್'ಗೆ ಒಪ್ಪಿಸಿದರೆ, ಲ್ಯಾಪ್‌ಟಾಪ್ ಆನ್ ಇದ್ದಾಗ ಹೇಳಿದ ಹೊತ್ತಿಗೆ ತಾನೇ ಶುರುವಾಗುತ್ತದೆ. 64 ಕೆಬಿಪಿಎಸ್ ಸ್ಟ್ರೀಮ್ ಆದರೆ ಗಂಟೆಗೆ ಖರ್ಚಾಗುವ ಡೇಟಾ ಸುಮಾರು 29 ಎಂಬಿ ಮಾತ್ರ.

ನೆಟ್ ಇಲ್ಲದಿದ್ದರೆ ಇದು ಮೂಕ. ಮಳೆಗಾಲದಲ್ಲಿ ಕರೆಂಟು ಹೋದಾಗ ಅಜ್ಜನ ಟ್ರಾನ್ಸಿಸ್ಟರೇ ಗಟ್ಟಿ. ಸ್ಟ್ರೀಮ್ ವಿಳಾಸಗಳೂ ಆಗಾಗ ಬದಲಾಗುತ್ತವೆ. ಆದರೆ ನನ್ನ ವಾದ ಇರುವುದೇ ಅಲ್ಲಿ. ಆ್ಯಪ್ ಕೆಟ್ಟರೆ ನಾವು ಕಾಯಬೇಕು. ಸ್ಕ್ರಿಪ್ಟ್ ಕೆಟ್ಟರೆ ಒಂದು ಸಾಲು ತಿದ್ದಿದರಾಯಿತು. ಬಳಸುವವರಾಗಿ ಮಾತ್ರ ಉಳಿಯದೆ ತಿದ್ದಬಲ್ಲವರಾಗುವುದು ಚಿಕ್ಕ ವಿಷಯವಲ್ಲ. ಕಂಪ್ಯೂಟರ್ ಕಲಿಯಲು ದುಬಾರಿ ಕೋರ್ಸೇ ಬೇಕು ಎಂದುಕೊಂಡಿರುವ ಪ್ಲಸ್ ಟು ಮಕ್ಕಳು ಇಲ್ಲಿಂದಲೇ ಶುರುಮಾಡಬಹುದು.

ಇನ್ನೊಂದು ಮಾತು. ನಮ್ಮ ಗಡಿನಾಡಿನಲ್ಲಿ ಪೇಟೆ, ಬಸ್ಸು, ಕಚೇರಿ ಎಲ್ಲೆಡೆ ಮಲಯಾಳವೇ ಕಿವಿಗೆ ಬೀಳುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಒಳ್ಳೆಯ ಕನ್ನಡ ಮನೆಯೊಳಗೆ ಕೇಳಿಸುತ್ತಿದ್ದರೆ ಚಿಕ್ಕ ಮಕ್ಕಳ ನಾಲಗೆಗೂ ಅದು ಹತ್ತುತ್ತದೆ. ಸ್ಕ್ರಿಪ್ಟಿಗೆ 'ಅಜ್ಜಿ' ಎಂದೇ ಹೆಸರಿಡಿ. ಆ ಒಂದು ಪದ ಟೈಪ್ ಮಾಡಿದರೆ ಅಜ್ಜಿಗೂ ವಾರ್ತೆ, ಮಕ್ಕಳಿಗೂ ಕನ್ನಡ.

ಈ ಭಾನುವಾರ ಮಧ್ಯಾಹ್ನ ಒಂದು ಗಂಟೆ ಇದಕ್ಕಾಗಿ ಕೊಟ್ಟು ನೋಡಿ.