ಹಳೆಯ ಮೋಟಾರಿಗೆ ತಕ್ಕ ಮೇಸ್ತ್ರಿ

ತಂದೆಯ ಕಾಲದ ಫಿಯಟ್ ಗಾಡಿಯನ್ನೋ ಅಂಬಾಸಿಡರನ್ನೋ ಮಾರಲು ಮನಸ್ಸಿಲ್ಲದೆ ಇನ್ನೂ ಮನೆಯ ಮುಂದೆ ಇರಿಸಿಕೊಂಡಿರುವ ಗೃಹಸ್ಥರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರೆಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಕೆಟ್ಟರೆ ಇದನ್ನು ಯಾರ ಕೈಗೆ ಕೊಡುವುದು? ಬಿಡಿಭಾಗಗಳು ದೊರೆಯವೆಂದು ಕೆಲವರು ಕೊರಗುವುದುಂಟು. ಹುಡುಕಿದರೆ ಅವು ಬಹುಮಟ್ಟಿಗೆ ದೊರೆಯುತ್ತವೆ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಇಲ್ಲದಿದ್ದರೆ ಗುಜರಿಯಲ್ಲಿ. ಅಲ್ಲಿಯೂ ಇಲ್ಲದಿದ್ದರೆ ಲೇತಿನವನಿಂದ ಹೊಸದಾಗಿ ಕಡೆಯಿಸಿಕೊಳ್ಳಬಹುದು. ದುರ್ಲಭವಾಗಿರುವುದು ಬಲ್ಲವನ ಕೈ, ಮತ್ತು ಅವನ ಕಿವಿ.

ಇದಕ್ಕೆ ಕಾರಣವುಂಟು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ೨೦೦೦ದ ಸುಮಾರಿಗೆ ನಿಂತಿತು; ಬಂಗಾಳದ ಉತ್ತರಪಾರಾದ ಅಂಬಾಸಿಡರ್ ೨೦೧೪ರಲ್ಲಿ ನಿಂತಿತು. ಅದೇ ೨೦೦೦ದ ಆಸುಪಾಸಿನಲ್ಲಿ ಹೊಗೆಯನ್ನು ಕುರಿತ ನಿಯಮಗಳು ಬಿಗಿಯಾಗಿ, ಹೊಸ ಕಾರುಗಳಿಂದ ಕಾರ್ಬುರೇಟರ್ ಮರೆಯಾಗುತ್ತ ಬಂದಿತು. ಆಮೇಲೆ ಕಸಬು ಕಲಿತ ಹುಡುಗನು ದೋಷವನ್ನು ಕಂಪ್ಯೂಟರಿನ ತೆರೆಯ ಮೇಲೆ ಓದಿ ತಿಳಿಯುತ್ತಾನೆ. ಅವನು ದಡ್ಡನಲ್ಲ, ಅವನ ವಿದ್ಯೆ ಬೇರೆ. ಹಳೆಯ ಗಾಡಿಯಲ್ಲಿ ಓದುವುದಕ್ಕೆ ಅಕ್ಷರವೇ ಇಲ್ಲ. ಅದು ಕೆಮ್ಮುವುದನ್ನೂ ನಡುಗುವುದನ್ನೂ ಕೇಳಿಯೇ ತಿಳಿಯಬೇಕು. ಹಾಗೆ ತಿಳಿಯಬಲ್ಲವನು ೧೯೮೦ರಲ್ಲಿ ೨೦ ವರ್ಷದ ತರುಣನಾಗಿದ್ದರೆ ಈಗ ೬೫ನ್ನು ದಾಟಿದ್ದಾನೆ.

ಬಲ್ಲವನಿಗೂ ಅರೆಬಲ್ಲವನಿಗೂ ಇರುವ ಅಂತರ ಒಂದು ನಿದರ್ಶನದಿಂದ ತಿಳಿದೀತು. ಗಾಡಿ ಬೆಳಿಗ್ಗೆ ಸರಿಯಾಗಿ ಹೊರಡುತ್ತದೆ. ಹತ್ತು ಹನ್ನೆರಡು ಕಿಲೋಮೀಟರು ಹೋದೊಡನೆ ತಡವರಿಸಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಅರೆಬಲ್ಲವನು ಮೊದಲು ಕಾರ್ಬುರೇಟರನ್ನು ಬಿಚ್ಚುತ್ತಾನೆ, ಮುಂದಿನ ವಾರ ಪೆಟ್ರೋಲ್ ಪಂಪನ್ನು ಬದಲಾಯಿಸುತ್ತಾನೆ, ಅದರ ಮುಂದಿನ ವಾರ ಎಂಜಿನ್ನನ್ನೇ ಇಳಿಸೋಣವೆನ್ನುತ್ತಾನೆ. ಬಲ್ಲವನು ಗಾಡಿ ನಿಂತ ಸ್ಥಳದಲ್ಲಿಯೇ ಎರಡು ಸಂಗತಿಗಳನ್ನು ನೋಡುತ್ತಾನೆ: ಕಿಡಿ ಬರುತ್ತಿದೆಯೇ? ಪೆಟ್ರೋಲ್ ಬರುತ್ತಿದೆಯೇ? ಕಿಡಿ ಸೊರಗಿದ್ದರೆ, ಬಿಸಿಯೇರಿದಾಗ ಸೋಲುವ ಕಾಯಿಲನ್ನೋ ಕಂಡೆನ್ಸರನ್ನೋ ಶಂಕಿಸುತ್ತಾನೆ. ಪೆಟ್ರೋಲ್ ಬಾರದಿದ್ದರೆ, ಬಿಸಿಲಿಗೆ ಕೊಳವೆಯಲ್ಲಿ ಅದು ಆವಿಯಾಗಿದೆಯೇ ಎಂದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡುತ್ತಾನೆ. ಟ್ಯಾಂಕಿನ ಮುಚ್ಚಳವನ್ನೂ ಸಡಿಲಿಸುತ್ತಾನೆ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರ ಧೂಳಿನಿಂದ ಕಟ್ಟಿಕೊಂಡಿದ್ದರೆ, ಪೆಟ್ರೋಲ್ ಖರ್ಚಾದಂತೆಲ್ಲ ಒಳಗೆ ಗಾಳಿ ವಿರಳವಾಗಿ ಪಂಪು ಎಳೆಯಲಾರದೆ ಸೋಲುತ್ತದೆ. ನಿಂತಿರುವಾಗ ಗಾಳಿ ಮೆಲ್ಲಮೆಲ್ಲನೆ ಒಳಸೇರುವುದರಿಂದಲೇ ಗಾಡಿ ಮತ್ತೆ ಹೊರಡುವುದು. ಆಗ ಬೇಕಾದುದು ಒಂದು ಸೂಜಿ, ಅಷ್ಟೆ.

ಇಂತಹವನನ್ನು ಹುಡುಕುವ ಬಗೆ ಹೇಗೆ? ಹೊಳೆಯುವ ಫಲಕವುಳ್ಳ ಕಾರ್ಖಾನೆಗಳನ್ನು ಸುತ್ತುವುದಕ್ಕಿಂತ, ಬಿಡಿಭಾಗಗಳನ್ನು ಮಾರುವ ಹಳೆಯ ಅಂಗಡಿಯವರನ್ನು ಕೇಳುವುದು ಲೇಸು. ಫಿಯಟ್ಟಿನ ಪಾಯಿಂಟುಗಳನ್ನು ಇಂದಿಗೂ ಕೊಳ್ಳಲು ಬರುವವರು ಯಾರೆಂಬುದು ಅವರಿಗೆ ಗೊತ್ತು. ಹಳೆಯ ಕಾರುಗಳ ಸಂಘದವರನ್ನೂ ವಿಚಾರಿಸಬಹುದು. ಆದರೆ ತಮ್ಮ ಮೇಸ್ತ್ರಿಯ ಹೆಸರನ್ನು ಹೇಳಲು ಹಿಂಜರಿಯುವವರೂ ಅವರಲ್ಲಿ ಇಲ್ಲದಿಲ್ಲ!

ಆಳು ಸಿಕ್ಕ ಕೂಡಲೇ ಎಂಜಿನ್ನನ್ನು ಒಪ್ಪಿಸಬಾರದು. ಮೊದಲು ಅವನ ಸಾಮಾನಿನ ಪೆಟ್ಟಿಗೆಯನ್ನು ನೋಡಿರಿ. ಅಂಬಾಸಿಡರಿನ ನಟ್ಟುಗಳಿಗೆ ಅಂಗುಲದ ಸ್ಪ್ಯಾನರು ಬೇಕು, ಫಿಯಟ್ಟಿಗೆ ಮಿಲಿಮೀಟರಿನದು. ಎರಡಕ್ಕೂ ಒಂದೇ ಇಕ್ಕಳವನ್ನು ಹಾಕಿ ತಿರುಗಿಸುವವನು ನಟ್ಟುಗಳ ಮೂಲೆಗಳನ್ನು ಸವೆಸಿಬಿಡುವನು. ಅಂಬಾಸಿಡರಿನ ಹಳೆಯ ೧೪೮೯ ಸಿ. ಸಿ. ಎಂಜಿನ್ನಿನಲ್ಲಿ ಪಾಯಿಂಟುಗಳ ನಡುವಣ ಅಂತರ ಅಂಗುಲದ ಸಾವಿರದಲ್ಲಿ ೧೫ ಭಾಗ, ಎಂದರೆ ಸುಮಾರು ೦.೪ ಮಿಲಿಮೀಟರು. ಇದನ್ನು ಅಳೆಯುವ ತೆಳು ಪಟ್ಟಿಗಳು ಅವನಲ್ಲಿ ಇರಬೇಕು. ಬಳಿಕ ಒಂದು ಚಿಕ್ಕ ಕೆಲಸ ಕೊಟ್ಟು, ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಕೇಳಿರಿ. ಬ್ರೇಕಿನ ಎಣ್ಣೆ ಸಾಲದೆಂದು ಎಂಜಿನ್ ಎಣ್ಣೆ ಹೊಯ್ಯುವವನಿಂದ ದೂರವಿರಿ. ಒಳಗಿನ ರಬ್ಬರೆಲ್ಲ ಉಬ್ಬಿ ಬ್ರೇಕು ಕೈಕೊಡುವುದು. ಹೆಂಡತಿ ಮಕ್ಕಳು ಕೂರುವ ಗಾಡಿಯೆಂಬುದನ್ನು ಮರೆಯಬಾರದು.

ಈಗ ಪೆಟ್ರೋಲಿನಲ್ಲಿ ನೂರಕ್ಕೆ ೨೦ರವರೆಗೂ ಎಥನಾಲ್ ಬೆರೆತು ಬರುತ್ತಿದೆ. ಹಳೆಯ ರಬ್ಬರ್ ಕೊಳವೆಗಳೂ ಪಂಪಿನೊಳಗಣ ಪೊರೆಯೂ ಅದಕ್ಕೆ ತಾಳವು. ಎಥನಾಲ್ ನೀರನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕು ತುಕ್ಕು ಹಿಡಿಯುವ ಭಯವೂ ಉಂಟು. ನೀವು ಕೇಳುವ ಮೊದಲೇ ಈ ಮಾತನ್ನು ಎತ್ತಿದ ಮೇಸ್ತ್ರಿಯನ್ನು ನಂಬಬಹುದು.

ಕೂಲಿಯ ವಿಷಯವಾಗಿ ಒಂದು ಮಾತು. ಬಿಡಿಭಾಗಕ್ಕೆ ಕೇಳಿದಷ್ಟು ತೆತ್ತು, ಕೂಲಿಗೆ ಚೌಕಾಸಿ ಮಾಡುವುದು ನಮ್ಮವರ ಕೆಟ್ಟ ರೂಢಿ. ಸೂಜಿಯಿಂದ ಚುಚ್ಚಿದ್ದಕ್ಕೆ ಐನೂರು ರೂಪಾಯಿಯೇ ಎಂದು ಕೇಳುವ ಯಜಮಾನರು, ಕೊಳ್ಳದೆ ಉಳಿದ ಪಂಪಿನ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಸ್ತ್ರಿಯ ಮಗನು ಇದನ್ನೆಲ್ಲ ಕಂಡೇ ಬೇರೆ ಉದ್ಯೋಗ ಹಿಡಿಯುತ್ತಾನೆ. ಅವನ ಬಳಿ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದರೆ, ಅವನಿಗೂ ನಿಮ್ಮ ಗಾಡಿಯ ಮೇಲೆ ಕೈಯಾಡಿಸಲು ಬಿಡಿರಿ. ಹತ್ತು ವರ್ಷದ ಮೇಲೆ ನಿಮಗೆ ಅವನೇ ಗತಿ.

ಕಡೆಯದಾಗಿ, ಬೇರೆ ಎಂಜಿನ್ನು ಹಾಕಿದರೆ ತೊಂದರೆ ತಪ್ಪುವುದೆಂದು ಕೆಲವು ಮೇಸ್ತ್ರಿಗಳು ಹುರಿದುಂಬಿಸುವುದುಂಟು. ಒಪ್ಪುವ ಮೊದಲು ಯೋಚಿಸಿರಿ. ೨೦೨೧ರ ಕೇಂದ್ರ ನಿಯಮದ ಪ್ರಕಾರ, ೫೦ ವರ್ಷ ದಾಟಿ ಮೂಲರೂಪವನ್ನು ಉಳಿಸಿಕೊಂಡ ಗಾಡಿಯನ್ನು ಮಾತ್ರ ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ ೨೦,೦೦೦ ರೂಪಾಯಿ, ಅವಧಿ ೧೦ ವರ್ಷ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪೇಟೆಗೆ ಹೋಗಿ ಬರಲು ಗಾಡಿ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳತಕ್ಕದ್ದು. ತಪಾಸಣೆಯ ದಿನಕ್ಕೆ ಒಂದು ತಿಂಗಳ ಮೊದಲೇ ಮೇಸ್ತ್ರಿಗೆ ತಿಳಿಸಿಟ್ಟರೆ ಒಳ್ಳೆಯದು.